ತಳಿಶಾಸ್ತ್ರದ ಪಿತಾಮಹ ಪೂಜ್ಯ ಗ್ರೆಗರ್ ಮೆಂಡಲ್ ಸ್ವಾಮಿಗಳು

ನಮ್ಮ ದೇವಾಲಯದ ಶತಮಾನೋತ್ಸವ ಸಮಿತಿಯವರು ಈ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಕೇಳಿದಾಗ, ಅವರ ಮನಸ್ಸಿನಲ್ಲಿದ್ದುದು ಯಾರಾದರೊಬ್ಬ ಸಂತರ ಚರಿತ್ರೆಯೆಂಬುದು ನಮಗೆ ತಿಳಿಯದೆ ಇರಲಿಲ್ಲ. ಆದರೆ ಆ ದಿನಗಳಲ್ಲಿ ನಾವು ಸಂಚಿಕೆಯ ಕೆಲಸಕ್ಕಾಗಿಯೇ ದೇವಾಲಯದ ಹಳೆಯ ದಫ್ತರಗಳನ್ನು ತೆರೆದುಕೊಂಡು ಕುಳಿತಿದ್ದೆವು. ಜ್ಞಾನಸ್ನಾನದ ದಫ್ತರ, ವಿವಾಹದ ದಫ್ತರ, ಮರಣದ ದಫ್ತರ; ನಾವು ಗೋವೆಯ ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದ ಕಾಲದ ಹಳದಿಯಾದ ಪುಟಗಳು, 1953ರ ಸೆಪ್ಟೆಂಬರ್ 19ರಂದು ಬೆಳಗಾವಿ ಧರ್ಮಪ್ರಾಂತ್ಯವು ಸ್ಥಾಪಿತವಾದ ನಂತರದ ಪುಟಗಳು. ಒಂದೊಂದು ಮನೆತನವನ್ನು ಬೆರಳಿಟ್ಟು ಹಿಂಬಾಲಿಸುತ್ತ ಹೋದರೆ ನಾಲ್ಕು ತಲೆಮಾರು ಕಣ್ಣೆದುರು ನಿಲ್ಲುತ್ತವೆ. ಒಂದು ಮನೆಯ ಗೋಡೆಯ ಮೇಲೆ ತೂಗುಹಾಕಿರುವ ಮುತ್ತಜ್ಜನ ಛಾಯಾಚಿತ್ರದಲ್ಲಿನ ಬೂದುಗಣ್ಣು ಅವರ ಮಕ್ಕಳಲ್ಲಿ ಯಾರಿಗೂ ಬರಲಿಲ್ಲ. ಈಗ ಭಾನುವಾರದ ಬಲಿಪೂಜೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವ ಮರಿಮಗನಿಗೆ ಬಂದಿದೆ. ನಡುವಿನ ಎರಡು ತಲೆಮಾರು ಆ ಕಣ್ಣು ಎಲ್ಲಿತ್ತು?

ಈ ಪ್ರಶ್ನೆಯನ್ನು ಜಗತ್ತು ಸಾವಿರಾರು ವರ್ಷ ಕೇಳಿತ್ತು. ಅದಕ್ಕೆ ಲೆಕ್ಕಬದ್ಧವಾದ ಉತ್ತರವನ್ನು ಮೊದಲು ಕೊಟ್ಟವರು ಯಾವ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಅಲ್ಲ, ನಮ್ಮ ಧರ್ಮಸಭೆಯ ಒಬ್ಬ ಸನ್ಯಾಸಿ. ಇಂದು ಜೈವಿಕ ತಂತ್ರಜ್ಞಾನವೆಂದೂ ವಂಶವಾಹಿಗಳ ವಿದ್ಯೆಯೆಂದೂ ಪತ್ರಿಕೆಗಳಲ್ಲಿ ನಾವು ಓದುವ ಸಮಸ್ತವೂ ಅವರು ಮಠದ ಹಿತ್ತಲಿನಲ್ಲಿ ಬಿತ್ತಿದ ಬಟಾಣಿ ಕಾಳಿನಿಂದ ಮೊಳೆತದ್ದು. ಅವರು ಸಂತಪದವಿಗೇರಿದವರಲ್ಲ, ಆದರೂ ಅವರ ಕಥೆಯನ್ನು ಹೇಳುವುದು ಈ ಸಂಚಿಕೆಗೆ ಯೋಗ್ಯವೆಂದು ನಾವು ಭಾವಿಸಿದೆವು.

ಮೆಂಡಲ್ ಸ್ವಾಮಿಗಳು 1822ರ ಜುಲೈ ತಿಂಗಳಿನಲ್ಲಿ, ಅಂದಿನ ಆಸ್ಟ್ರಿಯ ಸಾಮ್ರಾಜ್ಯದ ಸೈಲೀಸಿಯ ಪ್ರಾಂತ್ಯದ ಹೈನ್ಜೆನ್‌ಡಾರ್ಫ್ ಎಂಬ ಚಿಕ್ಕ ಹಳ್ಳಿಯಲ್ಲಿ ಜನಿಸಿದರು. ಇಂದು ಅದು ಚೆಕ್ ದೇಶಕ್ಕೆ ಸೇರಿದೆ. ದೇವಾಲಯದ ದಫ್ತರದಲ್ಲಿ ಜನ್ಮದಿನ 20 ಎಂದಿದ್ದರೆ ಮನೆಯವರು 22ನೆಯ ತಾರೀಖಿನಂದು ಆಚರಿಸುತ್ತಿದ್ದರು. ದಫ್ತರ ಬರೆಯುವ ನಮ್ಮಂತಹವರಿಗೆ ಇಂತಹ ಎರಡು ದಿನದ ವ್ಯತ್ಯಾಸ ಹೊಸದೇನೂ ಅಲ್ಲ. ಜ್ಞಾನಸ್ನಾನದ ಹೆಸರು ಯೊಹಾನ್. ತಂದೆ ಆಂಟನ್ ಬಡ ಒಕ್ಕಲಿಗರು. ವಾರದಲ್ಲಿ ಮೂರು ದಿನ ಜಮೀನುದಾರರ ಹೊಲದಲ್ಲಿ ಬಿಟ್ಟಿ ದುಡಿದು ಉಳಿದ ದಿನಗಳಲ್ಲಿ ತಮ್ಮ ಹೊಲವನ್ನು ನೋಡಿಕೊಳ್ಳಬೇಕಾಗಿತ್ತು. ತಾಯಿ ರೋಸೀನ. ಅಕ್ಕ ವೆರೋನಿಕ, ತಂಗಿ ತೆರೇಸ. ಆ ಊರಿನ ಧರ್ಮಗುರು ಶ್ರೈಬರ್ ಎಂಬವರು ಹಣ್ಣಿನ ಗಿಡಗಳಿಗೆ ಕಸಿ ಕಟ್ಟುವ ವಿದ್ಯೆಯಲ್ಲಿ ನಿಪುಣರಾಗಿದ್ದು, ಅದನ್ನು ಶಾಲೆಯ ಮಕ್ಕಳಿಗೂ ಊರಿನ ರೈತರಿಗೂ ಕಲಿಸುತ್ತಿದ್ದರು. ಬಾಲಕ ಯೊಹಾನನು ಕಸಿಯ ಕತ್ತಿ ಹಿಡಿದದ್ದು ಹೀಗೆ. ಹಳ್ಳಿಯ ಧರ್ಮಗುರುವೊಬ್ಬರು ಧರ್ಮೋಪದೇಶದ ಹೊರಗೆ ಮಾಡುವ ಸಣ್ಣ ಕೆಲಸ ಎಲ್ಲಿಗೆ ಮುಟ್ಟೀತೆಂಬುದನ್ನು ಅವರೇ ಬಲ್ಲವರಲ್ಲ.

ಹುಡುಗ ಬುದ್ಧಿವಂತನೆಂದು ಕಂಡು ದೂರದ ಊರಿನ ಶಾಲೆಗೆ ಕಳುಹಿಸಿದರು. ಆದರೆ ವಿದ್ಯಾರ್ಥಿನಿಲಯದಲ್ಲಿ ಪೂರ್ತಿ ಊಟಕ್ಕೆ ಕೊಡುವಷ್ಟು ಹಣ ಮನೆಯಲ್ಲಿರಲಿಲ್ಲ. ಅರ್ಧ ಊಟಕ್ಕೆ ಹಣ ಕಟ್ಟಿ, ಮಿಕ್ಕದ್ದನ್ನು ಊರಿನಿಂದ ಬರುವ ರೊಟ್ಟಿ ಬೆಣ್ಣೆಯ ಗಂಟಿನಿಂದ ತುಂಬಿಕೊಳ್ಳಬೇಕಾಗಿತ್ತು. 1838ರಲ್ಲಿ ಮರದ ದಿಮ್ಮಿಯೊಂದು ತಂದೆಯ ಮೇಲೆ ಬಿದ್ದು ಅವರು ದುಡಿಯಲಾರದವರಾದರು. ಹದಿನಾರರ ಹುಡುಗ ಇತರ ಮಕ್ಕಳಿಗೆ ಪಾಠ ಹೇಳಿ ತನ್ನ ಹೊಟ್ಟೆ ಹೊರೆದುಕೊಂಡ. ಹಸಿವು ಚಿಂತೆಗಳಿಂದ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಮನೆಯಲ್ಲಿ ಮಲಗಿದ. ಆಗ ತಂಗಿ ತೆರೇಸ ತನ್ನ ಮದುವೆಗೆಂದು ತೆಗೆದಿರಿಸಿದ್ದ ಪಾಲಿನಲ್ಲಿ ಒಂದು ಭಾಗವನ್ನು ಅಣ್ಣನ ಓದಿಗೆ ಕೊಟ್ಟಳು. ಅಣ್ಣ ಈ ಋಣವನ್ನು ಮರೆಯಲಿಲ್ಲ. ಮುಂದೆ ಮಠಾಧಿಪತಿಯಾದಾಗ ತಂಗಿಯ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸದ ಭಾರವನ್ನು ತಾವೇ ಹೊತ್ತರು. ಅವರಲ್ಲಿ ಇಬ್ಬರು ವೈದ್ಯರಾದರು.

1843ರ ಅಕ್ಟೋಬರ್ 9ರಂದು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಯೊಹಾನ್ ಬ್ರೂನ್ ನಗರದ ಸಂತ ತೋಮಸರ ಮಠವನ್ನು ಸೇರಿದರು. ಸಂತ ಅಗಸ್ಟೀನರ ಸಭೆಗೆ ಸೇರಿದ ಆ ಮಠದಲ್ಲಿ ಅವರಿಗೆ ಗ್ರೆಗರ್ ಎಂಬ ಹೆಸರಾಯಿತು. ಹೊಟ್ಟೆಪಾಡಿನ ಚಿಂತೆಯಿಂದ ಬಿಡುಗಡೆ ಬೇಕಾಗಿದ್ದುದೂ ತಮ್ಮನ್ನು ಆ ಬಾಗಿಲಿಗೆ ತಂದಿತೆಂದು ಅವರು ಆತ್ಮವೃತ್ತಾಂತದ ಒಂದು ಟಿಪ್ಪಣಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ಇದನ್ನು ಇಲ್ಲಿ ಅಚ್ಚುಮಾಡಲು ನಾವು ಸಂಕೋಚಪಡುವುದಿಲ್ಲ. ದೇವರ ಕರೆ ಕೆಲವೊಮ್ಮೆ ಅಡಿಗೆಮನೆಯ ಬಾಗಿಲಿನಿಂದಲೂ ಬರುತ್ತದೆ. ನಮ್ಮ ಗುರುಮಠದ ದಿನಗಳಲ್ಲಿಯೂ ಅಂತಹ ಒಡನಾಡಿಗಳಿದ್ದರು, ಒಳ್ಳೆಯ ಗುರುಗಳಾದರು.

ಅಂದಿನ ಮಠಾಧಿಪತಿ ಸಿರಿಲ್ ನಾಪ್ ದೂರದೃಷ್ಟಿಯುಳ್ಳವರು. ಕುರಿಯ ಉಣ್ಣೆ, ದ್ರಾಕ್ಷಿ, ಸೇಬು ಇವುಗಳ ತಳಿ ಸುಧಾರಣೆಯ ಚರ್ಚೆ ಆ ನಾಡಿನಲ್ಲಿ ಬಿರುಸಾಗಿ ನಡೆಯುತ್ತಿದ್ದ ಕಾಲವದು; ತಂದೆತಾಯಿಗಳಿಂದ ಮರಿಗೆ ಏನು ಹರಿಯುತ್ತದೆ, ಹೇಗೆ ಹರಿಯುತ್ತದೆ ಎಂಬುದೇ ಮೂಲ ಪ್ರಶ್ನೆಯೆಂದು ನಾಪರು ಬಹಿರಂಗವಾಗಿ ಹೇಳಿದ್ದರು. ಮಠದಲ್ಲಿ ದೊಡ್ಡ ಗ್ರಂಥಾಲಯವಿತ್ತು, ಗಿಡಗಳ ತೋಟವಿತ್ತು, ಗಣಿತ ಸಂಗೀತ ತತ್ತ್ವಶಾಸ್ತ್ರಗಳಲ್ಲಿ ಪರಿಣತರಾದ ಸೋದರರಿದ್ದರು.

1847ರಲ್ಲಿ ಗ್ರೆಗರರಿಗೆ ಗುರುದೀಕ್ಷೆಯಾಯಿತು. ಸಹಾಯಕ ಗುರುವಾಗಿ ರೋಗಿಗಳನ್ನು ಸಂಧಿಸುವ ಕೆಲಸ ಬಂದಾಗ ಅವರು ಸೋತರು. ನರಳುವವರ ಹಾಸಿಗೆಯ ಬಳಿ ನಿಂತರೆ ತಾವೇ ಕಾಯಿಲೆ ಬೀಳುತ್ತಿದ್ದರು. ನಾಪರು ಇದನ್ನು ಅಪರಾಧವೆಂದು ಎಣಿಸದೆ 1849ರಲ್ಲಿ ಅವರನ್ನು ಜ್ನೈಮ್ ಎಂಬ ಊರಿನ ಶಾಲೆಗೆ ಶಿಕ್ಷಕರನ್ನಾಗಿ ಕಳುಹಿಸಿದರು. ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ನಾವು ಮೊಟ್ಟಮೊದಲ ಬಾರಿ ರೋಗಿಗೆ ಅಭ್ಯಂಗ ನೀಡಲು ಹೋದ ರಾತ್ರಿ ನಮ್ಮ ಕೈಯಲ್ಲಿದ್ದ ತೈಲದ ಬಟ್ಟಲು ನಡುಗಿದ್ದು ಇಂದಿಗೂ ನೆನಪಿದೆ. ನಾವು ಅಭ್ಯಾಸದಿಂದ ಗಟ್ಟಿಯಾದೆವು, ಅವರು ಆಗಲಿಲ್ಲ. ಪಾಠ ಹೇಳುವುದರಲ್ಲಿ ಮಾತ್ರ ಅವರು ಅಪ್ರತಿಮರು, ಹುಡುಗರಿಗೆ ಅಚ್ಚುಮೆಚ್ಚಿನವರು. ಆದರೆ 1850ರಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಕುಳಿತು ಅನುತ್ತೀರ್ಣರಾದರು. ನಾಪರು ಅವರನ್ನು 1851ರಿಂದ 1853ರ ವರೆಗೆ ವಿಯೆನ್ನ ವಿಶ್ವವಿದ್ಯಾಲಯದಲ್ಲಿ ಓದಿಸಿದರು. ಅಲ್ಲಿ ಭೌತವಿಜ್ಞಾನಿ ಡಾಪ್ಲರರಿಂದ ಪ್ರಯೋಗ ಮಾಡುವ ಕ್ರಮವನ್ನೂ ಉಂಗರ್ ಎಂಬ ಸಸ್ಯವಿಜ್ಞಾನಿಯಿಂದ ಸಸ್ಯಗಳ ಒಳಬಾಳನ್ನೂ ಕಲಿತರು. 1856ರಲ್ಲಿ ಮತ್ತೆ ಪರೀಕ್ಷೆಗೆ ಹೋಗಿ, ನಡುವೆಯೇ ಅಸ್ವಸ್ಥರಾಗಿ ಹಿಂದಿರುಗಿದರು. ಜೀವಮಾನದಲ್ಲಿ ಅವರು ಪೂರ್ಣ ಅರ್ಹತೆಯ ಶಿಕ್ಷಕರಾಗಲೇ ಇಲ್ಲ. 1868ರ ವರೆಗೂ ತಾತ್ಕಾಲಿಕ ಶಿಕ್ಷಕರಾಗಿಯೇ ಉಳಿದರು. ಪರೀಕ್ಷೆಯಲ್ಲಿ ನಪಾಸಾದ ಮಕ್ಕಳನ್ನು ಬಯ್ಯುವ ತಂದೆತಾಯಿಗಳು ಈ ಸಾಲುಗಳನ್ನು ಇನ್ನೊಮ್ಮೆ ಓದಲಿ.

ಅದೇ 1856ರಲ್ಲಿ ಅವರ ಮಹಾಕಾರ್ಯ ಆರಂಭವಾಯಿತು. ಮಠದ ಆವರಣದಲ್ಲಿ ಮೂವತ್ತೈದು ಮೀಟರ್ ಉದ್ದ, ಏಳು ಮೀಟರ್ ಅಗಲದ ಒಂದು ಪಟ್ಟಿ ಅವರಿಗೆ ಸಿಕ್ಕಿತು. ನಮ್ಮ ಖಾನಾಪುರದ ಕಡೆ ಮನೆಯ ಹಿಂದಿನ ತರಕಾರಿ ಪಾತಿ ಕೆಲವೊಮ್ಮೆ ಇದಕ್ಕಿಂತ ದೊಡ್ಡದಿರುತ್ತದೆ. ಬೀಜದ ವ್ಯಾಪಾರಿಗಳಿಂದ ಮೂವತ್ತನಾಲ್ಕು ಬಗೆಯ ಬಟಾಣಿ ತರಿಸಿ, ಎರಡು ವರ್ಷ ಬೆಳೆದು ನೋಡಿ, ಬಿತ್ತಿದಂತೆಯೇ ಬೆಳೆಯುವ ಇಪ್ಪತ್ತೆರಡನ್ನು ಆರಿಸಿಕೊಂಡರು. ಆರಿಸಿದ ಗುಣಗಳು ಏಳು: ಕಾಳಿನ ಆಕಾರ, ಕಾಳಿನ ಬಣ್ಣ, ಹೂವಿನ ಬಣ್ಣ, ಕಾಯಿಯ ಆಕಾರ, ಕಾಯಿಯ ಬಣ್ಣ, ಹೂವು ಮೂಡುವ ಸ್ಥಾನ, ಗಿಡದ ಎತ್ತರ. ಅವರಿಗಿಂತ ಹಿಂದಿನವರು ಇಡೀ ಗಿಡವನ್ನು ನೋಡಿ ಇದು ತಾಯಿಯಂತೆ, ಅದು ತಂದೆಯಂತೆ ಎಂದು ಹೇಳಿ ತಬ್ಬಿಬ್ಬಾಗಿದ್ದರು. ಒಂದು ಸಲಕ್ಕೆ ಒಂದೇ ಗುಣವನ್ನು ನೋಡಬೇಕು, ನೋಡಿದ್ದನ್ನು ಎಣಿಸಬೇಕು ಎಂದು ನಿಶ್ಚಯಿಸಿದ್ದೇ ಇವರ ಹಿರಿಮೆ.

ಬಟಾಣಿಯ ಹೂವು ಮುಚ್ಚಿದ ಮನೆಯಂತೆ. ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ. ಆದ್ದರಿಂದ ಮೊಗ್ಗು ಬಲಿಯುವ ಮೊದಲೇ ಅದನ್ನು ಬಿಡಿಸಿ, ಚಿಮುಟದಿಂದ ಕೇಸರಗಳನ್ನು ಒಂದೊಂದಾಗಿ ಕಿತ್ತು, ಇನ್ನೊಂದು ಗಿಡದ ಪರಾಗವನ್ನು ತಂದು ಸವರಿ, ಹುಳ ಹೋಗದಂತೆ ಚೀಲ ಕಟ್ಟಬೇಕು. ಎಂಟು ವರ್ಷಗಳ ಕಾಲ, ಪ್ರಾರ್ಥನೆ ಪಾಠಗಳ ನಡುವಿನ ಹೊತ್ತಿನಲ್ಲಿ, ಅವರು ಈ ಕೆಲಸ ಮಾಡಿದರು. ಬೆಳೆದ ಗಿಡಗಳ ಒಟ್ಟು ಲೆಕ್ಕ ಸುಮಾರು 28,000.

ದುಂಡುಕಾಳಿನ ಗಿಡಕ್ಕೂ ಸುಕ್ಕುಕಾಳಿನ ಗಿಡಕ್ಕೂ ಸಂಕರ ಮಾಡಿದಾಗ ಹುಟ್ಟಿದ ಕಾಳೆಲ್ಲ ದುಂಡು. ಸುಕ್ಕು ಎಂಬುದು ಸತ್ತೇಹೋಯಿತೆಂದು ಯಾರಾದರೂ ಹೇಳಬಹುದಾಗಿತ್ತು. ಮೆಂಡಲ್ ಸ್ವಾಮಿಗಳು ಆ ದುಂಡುಕಾಳನ್ನು ಮತ್ತೆ ಬಿತ್ತಿ, ತಾನಾಗಿ ಕಾಯಿ ಕಟ್ಟಲು ಬಿಟ್ಟು, ಬಂದ ಕಾಳನ್ನು ಎಣಿಸಿದರು. 5,474 ದುಂಡು, 1,850 ಸುಕ್ಕು. ಹಳದಿ ಮತ್ತು ಹಸಿರು ಕಾಳುಗಳಲ್ಲಿ 6,022 ಹಳದಿ, 2,001 ಹಸಿರು. ಯಾವ ಗುಣವನ್ನು ಹಿಡಿದರೂ ಮೂರಕ್ಕೆ ಒಂದರ ಸಮೀಪ. ಅಡಗಿದ್ದ ಗುಣ ಒಂದು ತಲೆಮಾರು ಕಳೆದು, ಎಳ್ಳಷ್ಟೂ ಮಾಸದೆ ಹಿಂದಿರುಗಿತ್ತು.

ಇದರ ಕಾರಣವನ್ನು ಅವರು ಊಹಿಸಿದ ಬಗೆಯನ್ನು ಚೌಕಾಬಾರ ಆಡಿದವರಿಗೆ ತಿಳಿಸುವುದು ಸುಲಭ. ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿ ದಾಳವಾಗಿ ಎಸೆಯುತ್ತೇವಲ್ಲವೇ? ಅಂತಹ ಎರಡು ಬೀಜಗಳನ್ನು ಎಸೆಯಿರಿ; ಒಂದು ತಂದೆಯ ಕಡೆಯದು, ಒಂದು ತಾಯಿಯ ಕಡೆಯದು. ಎರಡೂ ಕರಿ ಬೀಳಬಹುದು. ತಂದೆಯದು ಕರಿ ತಾಯಿಯದು ಬಿಳಿ, ಅಥವಾ ತಂದೆಯದು ಬಿಳಿ ತಾಯಿಯದು ಕರಿ ಆಗಬಹುದು. ಎರಡೂ ಬಿಳಿ ಬೀಳಬಹುದು. ಒಂದು ಕರಿ ಇದ್ದರೂ ಸಾಕು, ಗಿಡ ಕರಿಯ ಗುಣವನ್ನೇ ತೋರಿಸುತ್ತದೆಂದಿಟ್ಟುಕೊಳ್ಳಿ. ಆಗ ನಾಲ್ಕರಲ್ಲಿ ಮೂರು ಸಲ ಕರಿ, ಒಂದು ಸಲ ಬಿಳಿ. ಪ್ರತಿಯೊಂದು ಜೀವಿಯಲ್ಲಿಯೂ ಪ್ರತಿಯೊಂದು ಗುಣಕ್ಕೆ ಎರಡು ಅಂಶಗಳಿರುತ್ತವೆ. ಮಗುವಿಗೆ ತಂದೆಯಿಂದ ಒಂದು, ತಾಯಿಯಿಂದ ಒಂದು ಹೋಗುತ್ತದೆ. ಅವು ಹಾಲು ನೀರಿನಂತೆ ಬೆರೆಯುವುದಿಲ್ಲ, ಡಬ್ಬಿಯಲ್ಲಿ ಕೂಡಿಟ್ಟ ಕಾಳುಗಳಂತೆ ಬೇರೆಬೇರೆಯಾಗಿಯೇ ಉಳಿಯುತ್ತವೆ. ಮೆಂಡಲ್ ಸ್ವಾಮಿಗಳ ಕಾಣ್ಕೆ ಇಷ್ಟೇ. ಮೇಲೆ ಹೇಳಿದ ಬೂದುಗಣ್ಣಿನ ವಿಷಯದಲ್ಲಿ ಒಂದಲ್ಲ, ಹಲವು ಅಂಶಗಳು ಕೆಲಸ ಮಾಡುತ್ತವೆ. ಆದರೂ ಅದು ಮರಿಮಗನಲ್ಲಿ ಮರಳಿದ್ದು ಈ ದಾರಿಯಿಂದಲೇ. ನಾವು ಇಂದು ವಂಶವಾಹಿ ಎಂದು ಕರೆಯುವ ವಸ್ತುವನ್ನು ಅವರು ಕಣ್ಣಿನಿಂದ ಕಂಡವರಲ್ಲ, ಲೆಕ್ಕದಿಂದ ಕಂಡರು.

1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಬ್ರೂನ್ ನಗರದ ನಿಸರ್ಗ ವಿಜ್ಞಾನ ಸಂಘದಲ್ಲಿ ಅವರು ಈ ವಿಷಯವನ್ನು ಎರಡು ಕಂತುಗಳಲ್ಲಿ ಓದಿದರು. ಮರುವರ್ಷ ಸಂಘದ ಸಂಪುಟದಲ್ಲಿ ಅದು ಅಚ್ಚಾಗಿ ನೂರಕ್ಕೂ ಹೆಚ್ಚು ಗ್ರಂಥಾಲಯಗಳಿಗೆ ಹೋಯಿತು. ಅವರೂ ನಲವತ್ತು ಪ್ರತಿಗಳನ್ನು ತೆಗೆಸಿ ವಿದ್ವಾಂಸರಿಗೆ ಕಳುಹಿಸಿದರು. ಯಾರಿಗೂ ಅದರ ಬೆಲೆ ತಿಳಿಯಲಿಲ್ಲ. ಸಸ್ಯಶಾಸ್ತ್ರದಲ್ಲಿ ಗಣಿತ ಬಂದದ್ದೇ ಓದುಗರಿಗೆ ಗಲಿಬಿಲಿಯಾಗಿದ್ದಿರಬೇಕು. ಮ್ಯೂನಿಕ್ಕಿನ ಪ್ರಸಿದ್ಧ ಪ್ರಾಧ್ಯಾಪಕ ನೇಗೆಲಿಯವರೊಡನೆ ಏಳು ವರ್ಷ ಪತ್ರವ್ಯವಹಾರ ನಡೆಯಿತು. ಅವರೂ ಬಟಾಣಿಯ ಲೆಕ್ಕವನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ತಾವು ಅಭ್ಯಾಸ ಮಾಡುತ್ತಿದ್ದ ಹೀರೇಸಿಯಂ ಎಂಬ ಕಾಡುಹೂವಿನ ಮೇಲೆ ಮೆಂಡಲರ ಗಮನವನ್ನು ತಿರುಗಿಸಿದರು. ಆ ಹೂವು ಬಹುಮಟ್ಟಿಗೆ ಪರಾಗದ ಸಹಾಯವಿಲ್ಲದೆಯೇ ಬೀಜ ಕಟ್ಟುವ ಜಾತಿ. ಆ ಗುಟ್ಟು ಆಗ ಯಾರಿಗೂ ಗೊತ್ತಿರಲಿಲ್ಲ. ಸೂಕ್ಷ್ಮ ಹೂಗಳನ್ನು ಕನ್ನಡಿಯ ಬೆಳಕಿನಲ್ಲಿ ಬಿಡಿಸಿ ಬಿಡಿಸಿ ಮೆಂಡಲರ ಕಣ್ಣು ಸೋತಿತು, ಅಲ್ಲಿ ಬಟಾಣಿಯ ನಿಯಮ ಕಾಣಿಸಲೂ ಇಲ್ಲ. ಒಬ್ಬ ವಿದ್ವಾಂಸನ ಸದುದ್ದೇಶದ ಸಲಹೆ ಇನ್ನೊಬ್ಬನ ಐದಾರು ವರ್ಷಗಳನ್ನು ನುಂಗಿತೆಂದೇ ನಮ್ಮ ಅಭಿಪ್ರಾಯ.

1868ರ ಮಾರ್ಚ್ ತಿಂಗಳಿನಲ್ಲಿ ಸೋದರರು ಅವರನ್ನು ಮಠಾಧಿಪತಿಯನ್ನಾಗಿ ಆರಿಸಿದರು. ಆಡಳಿತದ ಭಾರ ಬಿದ್ದ ಮೇಲೆ ಪ್ರಯೋಗಗಳು ಕ್ರಮೇಣ ನಿಂತವು. ಜೇನು ಸಾಕಣೆ, ಹವಾಮಾನದ ದಿನವಹಿ ದಾಖಲೆ ಮಾತ್ರ ಮುಂದುವರಿದವು. 1870ರ ಅಕ್ಟೋಬರ್‌ನಲ್ಲಿ ಬ್ರೂನ್ ನಗರದ ಮೇಲೆ ಬೀಸಿದ ಸುಂಟರಗಾಳಿಯನ್ನು ಅವರು ವಿವರವಾಗಿ ವರ್ಣಿಸಿ ಬರೆದಿದ್ದಾರೆ. 1874ರಲ್ಲಿ ಸರಕಾರವು ಮಠಗಳ ಆಸ್ತಿಯ ಮೇಲೆ ಹೊಸ ಕರ ವಿಧಿಸಿದಾಗ ಅದು ಅನ್ಯಾಯವೆಂದು ಕೊಡಲೊಪ್ಪದೆ ಸಾಯುವ ವರೆಗೆ ಏಕಾಂಗಿಯಾಗಿ ಹೋರಾಡಿದರು. ಉಳಿದ ಮಠಗಳು ಒಂದೊಂದಾಗಿ ಒಪ್ಪಿಕೊಂಡರೂ ಇವರು ಬಗ್ಗಲಿಲ್ಲ. ಬಟಾಣಿ ಎಣಿಸುವುದಕ್ಕೆ ಬೇಕಾದ ಹಟವೇ ಇಲ್ಲಿಯೂ ಇತ್ತು. ಆದರೆ ಇಲ್ಲಿ ಅದು ಅವರನ್ನು ಕಹಿಯಾಗಿಸಿ ಒಂಟಿಯಾಗಿಸಿತು. 1884ರ ಜನವರಿ 6ರಂದು, ಮೂವರು ರಾಯರ ಹಬ್ಬದ ದಿನ, ಮೂತ್ರಪಿಂಡದ ರೋಗದಿಂದ ತೀರಿಕೊಂಡರು. ಅಂತ್ಯಕ್ರಿಯೆಯ ಬಲಿಪೂಜೆಯಲ್ಲಿ ಮುಂದೆ ಜಗತ್ಪ್ರಸಿದ್ಧ ಸಂಗೀತಗಾರನಾದ ಯಾನಾಚೆಕ್ ಆರ್ಗನ್ ನುಡಿಸಿದನು. ಬಡವರು ಬಹಳ ಮಂದಿ ಅತ್ತರು. ವಿಜ್ಞಾನ ಲೋಕಕ್ಕೆ ತಾನು ಯಾರನ್ನು ಕಳೆದುಕೊಂಡೆನೆಂಬ ಅರಿವಿರಲಿಲ್ಲ. ಅವರ ಕಾಗದಪತ್ರಗಳಲ್ಲಿ ಬಹುಪಾಲು ಮಠದಲ್ಲಿಯೇ ಸುಡಲ್ಪಟ್ಟವು. ಹಳೆಯ ದಫ್ತರಗಳನ್ನು ಕಸವೆಂದು ಒಲೆಗೆ ಹಾಕುವ ಅಭ್ಯಾಸ ನಮ್ಮಲ್ಲಿಗೆ ಮಾತ್ರ ಸೀಮಿತವಲ್ಲವೆಂದಾಯಿತು.

ಹದಿನಾರು ವರ್ಷಗಳ ನಂತರ, 1900ರಲ್ಲಿ, ಹಾಲೆಂಡಿನ ದ ವ್ರೀಸ್, ಜರ್ಮನಿಯ ಕೋರೆನ್ಸ್, ಆಸ್ಟ್ರಿಯದ ಚೆರ್ಮಾಕ್ ಇವರ ಬರಹಗಳು ಒಂದರ ಹಿಂದೊಂದರಂತೆ ಹೊರಬಂದು, ಮೂವತ್ತನಾಲ್ಕು ವರ್ಷ ಧೂಳು ತಿಂದ ಆ ಲೇಖನವನ್ನು ಲೋಕದ ಮುಂದಿಟ್ಟವು. ಅವರ ಅಂಕಿಗಳು ಅತಿಯಾಗಿ ಸರಿಯಾಗಿವೆಯೆಂದು 1936ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಫಿಷರ್ ಸಂಶಯ ಎತ್ತಿದ್ದನ್ನೂ ಇಲ್ಲಿ ಹೇಳಿಬಿಡಬೇಕು. ಆ ಚರ್ಚೆ ದಶಕಗಳ ಕಾಲ ನಡೆಯಿತು. ನಿಯಮ ಮಾತ್ರ ಅಲುಗಲಿಲ್ಲ.

ಅಲ್ಲಿಂದ ಮುಂದಿನ ದಾರಿ ವೇಗದ್ದು. ವಂಶವಾಹಿಗಳು ಡಿ.ಎನ್.ಎ. ಎಂಬ ನೂಲಿನಲ್ಲಿ ನಾಲ್ಕು ಅಕ್ಷರಗಳ ಬರಹವಾಗಿ ಇವೆಯೆಂದೂ ಆ ನೂಲು ತಿರುಚಿದ ಏಣಿಯಂತಿದೆಯೆಂದೂ 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ತೋರಿಸಿದರು. ನಮ್ಮ ಧರ್ಮಪ್ರಾಂತ್ಯ ಹುಟ್ಟಿದ ವರ್ಷವೂ ಅದೇ. ಅದೇ ಸೆಪ್ಟೆಂಬರ್‌ನಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ರೋಮಿನಲ್ಲಿ ಸೇರಿದ್ದ ತಳಿಶಾಸ್ತ್ರಜ್ಞರನ್ನು ಉದ್ದೇಶಿಸಿ ಮಾತನಾಡಿದ್ದರು. ಆ ಅಕ್ಷರಗಳ ಅರ್ಥವನ್ನು ಬಿಡಿಸಿದವರಲ್ಲಿ ಭಾರತದಲ್ಲಿ ಹುಟ್ಟಿದ ಹರಗೋವಿಂದ ಖೊರಾನರೂ ಒಬ್ಬರು. 1968ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. 1973ರಲ್ಲಿ ಅಮೆರಿಕದ ಕೋಹೆನ್ ಮತ್ತು ಬಾಯರ್ ಒಂದು ಜೀವಿಯ ವಂಶವಾಹಿಯನ್ನು ಕತ್ತರಿಸಿ ಬ್ಯಾಕ್ಟೀರಿಯದ ನೂಲಿಗೆ ಹೊಲಿದರು. ಕತ್ತರಿಯೂ ಸೂಜಿಯೂ ಬ್ಯಾಕ್ಟೀರಿಯಗಳಲ್ಲಿಯೇ ಸಿಗುವ ಕಿಣ್ವಗಳು. ಒಂದು ಅರ್ಥದಲ್ಲಿ ಇದೂ ಕಸಿಯೇ. ಕಸಿ ಕಟ್ಟುವವನು ಕೊಂಬೆಯನ್ನು ಕೂಡಿಸಿದರೆ ಇವರು ಅಕ್ಷರವನ್ನು ಕೂಡಿಸುತ್ತಾರೆ. 1978ರಲ್ಲಿ ಮನುಷ್ಯನ ಇನ್ಸುಲಿನ್ ತಯಾರಿಸುವ ವಂಶವಾಹಿಯನ್ನು ಹೀಗೆ ಬ್ಯಾಕ್ಟೀರಿಯಕ್ಕೆ ಸೇರಿಸಲಾಯಿತು. 1982ರಲ್ಲಿ ಆ ಔಷಧಿ ಮಾರಾಟಕ್ಕೆ ಬಂದಿತು. ಅದಕ್ಕೆ ಮುಂಚೆ ಸಕ್ಕರೆ ಕಾಯಿಲೆಯವರಿಗೆ ದನ ಹಂದಿಗಳ ಅಂಗದಿಂದ ತೆಗೆದ ಇನ್ಸುಲಿನ್ನೇ ಗತಿಯಾಗಿತ್ತು. ನಮ್ಮ ವಿಚಾರಣೆಯಲ್ಲಿ ಪ್ರತಿದಿನ ಸೂಜಿ ಚುಚ್ಚಿಕೊಳ್ಳುವ ಹಿರಿಯರು ಎಷ್ಟೋ ಮಂದಿ ಇದ್ದಾರೆ, ನಾವೂ ಅವರಲ್ಲೊಬ್ಬರು.

ಬಟಾಣಿಯ ಸುಕ್ಕಿನ ಗುಟ್ಟು 1990ರಲ್ಲಿ ಬಯಲಾಯಿತು. ಪಿಷ್ಟವನ್ನು ಕವಲೊಡೆಸುವ ಒಂದು ಕಿಣ್ವದ ವಂಶವಾಹಿಯ ನಡುವೆ ಬೇರೊಂದು ತುಂಡು ನುಗ್ಗಿ ಕುಳಿತಿರುವುದರಿಂದ ಆ ಕಿಣ್ವ ಹುಟ್ಟುವುದಿಲ್ಲ. ಕಾಳಿನಲ್ಲಿ ಪಿಷ್ಟ ಕಡಿಮೆಯಾಗಿ ಸಕ್ಕರೆ ಉಳಿಯುತ್ತದೆ, ನೀರು ಹೆಚ್ಚು ಸೇರುತ್ತದೆ, ಒಣಗಿದಾಗ ಸುಕ್ಕಾಗುತ್ತದೆ. ಚಳಿಗಾಲದಲ್ಲಿ ಬೆಳಗಾವಿಯ ಪೇಟೆಗೆ ಹಸಿ ಬಟಾಣಿ ಬಂದಾಗ ಮಕ್ಕಳು ಸಿಹಿಯೆಂದು ಬಿಡಿಸಿ ಬಿಡಿಸಿ ತಿನ್ನುವ ಕಾಳು ಸಾಮಾನ್ಯವಾಗಿ ಈ ಸುಕ್ಕಿನ ಸಂತಾನ. ಉಸಳಿಗೆ ನೆನೆಹಾಕುವ ದುಂಡು ಒಣಕಾಳು ಇನ್ನೊಂದು. ಏಳು ಗುಣಗಳಲ್ಲಿ ಕೊನೆಯವುಗಳ ವಂಶವಾಹಿಗಳು ಗೊತ್ತಾದದ್ದು 2025ರಲ್ಲಿ.

ಈ ವಿದ್ಯೆ ನಮ್ಮ ಮನೆಯ ಬಾಗಿಲಿಗೆ ಬಂದದ್ದು ಹತ್ತಿಯ ರೂಪದಲ್ಲಿ. ನಾವು ಹುಟ್ಟಿದ್ದು ಬೆಳಗಾವಿಯಿಂದ ಮೂಡಲಿಗಿರುವ ಕರಿಮಣ್ಣಿನ ಸೀಮೆಯಲ್ಲಿ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ ಡಾ. ಬಿ. ಎಚ್. ಕಾತರಕಿಯವರ ವರಲಕ್ಷ್ಮಿ ಹತ್ತಿ ಹೊರಬಂದಿತು. ನಮ್ಮ ನಾಡಿನ ಲಕ್ಷ್ಮಿ ತಳಿಗೆ ಉದ್ದ ಎಳೆಯ ಬೇರೆ ಜಾತಿಯ ಹತ್ತಿಯನ್ನು ಕೂಡಿಸಿ ಪಡೆದ ಸಂಕರ ಅದು. ಹೆಣ್ಣುಮಕ್ಕಳು ಸಾಲುಸಾಲಾಗಿ ಕುಳಿತು ಮೊಗ್ಗು ಬಿಡಿಸಿ ಕೇಸರ ಕಿತ್ತು ಪರಾಗ ಸವರಿ ಆ ಬೀಜವನ್ನು ತಯಾರಿಸುತ್ತಿದ್ದರು. ಮೆಂಡಲ್ ಸ್ವಾಮಿಗಳ ಕೆಲಸವೇ, ಸ್ವಲ್ಪವೂ ಬೇರೆಯಲ್ಲ. ನಮ್ಮ ತಂದೆಯವರು ಸಾಲ ತಂದು ಬೀಜ ಕೊಂಡರು, ಮೊದಲ ವರ್ಷ ಹೊಲ ಬೆಳ್ಳಗೆ ಅರಳಿತು. ಜ್ವಾರಿ ಹತ್ತಿಯ ರೂಢಿಯಂತೆ ಅದೇ ಬೀಜವನ್ನು ಎತ್ತಿಟ್ಟು ಮರುವರ್ಷ ಬಿತ್ತಿದರು. ಒಂದು ಗಿಡ ಆಳೆತ್ತರ, ಪಕ್ಕದ್ದು ಮೊಳಕಾಲೆತ್ತರ. ಒಂದರ ಕಾಯಿ ದೊಡ್ಡದು, ಇನ್ನೊಂದರದು ಗೋಲಿಯಷ್ಟು. ಎಳೆ ಒಂದೊಂದು ಬಗೆ. ಬೀಜ ಮಾರಿದವನು ಮೋಸ ಮಾಡಿದನೆಂದು ತಂದೆಯವರು ಅವನೊಡನೆ ಜಗಳವಾಡಿ ಬಂದರು. ಕೆಲವು ವರ್ಷಗಳ ಮೇಲೆ ಗುರುಮಠದಲ್ಲಿ ಮೆಂಡಲರ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಕಂಡಾಗ ನಮಗೆ ಥಟ್ಟನೆ ಹೊಳೆದದ್ದು ಆ ಹೊಲ. ಸಂಕರದ ಮೊದಲ ಸಂತಾನದಲ್ಲಿ ಎಲ್ಲ ಗಿಡವೂ ಒಂದೇ ತೆರ. ಎರಡನೆಯದರಲ್ಲಿ ಅಡಗಿದ್ದೆಲ್ಲ ಹೊರಬರುತ್ತದೆ. ಮೋಸವಾಗಿರಲಿಲ್ಲ, ಆದರೆ ಬೀಜ ಕೊಡುವಾಗ ಅದನ್ನು ಬಡ ರೈತನಿಗೆ ತಿಳಿಯುವಂತೆ ಯಾರೂ ಹೇಳಿರಲಿಲ್ಲ. ರಜೆಯಲ್ಲಿ ಊರಿಗೆ ಹೋಗಿ ಹುಣಸೆ ಬೀಜ ಎಸೆದು ತೋರಿಸಿದೆವು. ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, ಮರುದಿನ ಆ ಅಂಗಡಿಯವನ ಬಳಿ ಹೋಗಿ ಬಂದರು.

ಅಂದಿನಿಂದ ಬೀಜ ರೈತನ ಕಣಜದಿಂದ ಅಂಗಡಿಗೆ ಹೋಯಿತೆಂಬುದೂ ನಿಜ. 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆಯಿತು. ಮಣ್ಣಿನ ಒಂದು ಬ್ಯಾಕ್ಟೀರಿಯದ ವಂಶವಾಹಿಯನ್ನು ಹತ್ತಿಗೆ ಸೇರಿಸಿದ್ದರಿಂದ ಕಾಯಿ ಕೊರೆಯುವ ಹುಳ ಅದನ್ನು ತಿಂದು ಸಾಯುತ್ತದೆ. ಮೊದಲ ವರ್ಷಗಳಲ್ಲಿ ಔಷಧಿ ಹೊಡೆಯುವುದು ಕಡಿಮೆಯಾಯಿತು. ನಂತರ ಗುಲಾಬಿ ಕಾಯಿಕೊರಕ ಅದನ್ನು ಅರಗಿಸಿಕೊಂಡಿತು. ಹುಳದಲ್ಲಿಯೂ ಅಡಗಿದ ಗುಣಗಳಿರುತ್ತವಲ್ಲವೇ? ಅದೇ ವಂಶವಾಹಿಯನ್ನು ಬದನೆಗೆ ಸೇರಿಸುವ ಕೆಲಸ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಆರಿಸಿದ ತಳಿಗಳಲ್ಲಿ ನಮ್ಮ ಜಿಲ್ಲೆಯ ಕುಡಚಿಯ ಬದನೆಯೂ ಇತ್ತು. ಇವು ಸಂಕರವಲ್ಲದ ತಳಿಗಳಾದ್ದರಿಂದ ರೈತನು ಬೀಜ ಎತ್ತಿಡಬಹುದಾಗಿತ್ತು. ಆದರೆ ತಿನ್ನುವ ಕಾಯಿಯ ವಿಷಯದಲ್ಲಿ ಜನರ ಸಂಶಯ ತೀರಿಲ್ಲವೆಂದು 2010ರ ಫೆಬ್ರವರಿ 9ರಂದು ಕೇಂದ್ರ ಸರಕಾರ ಬಿ.ಟಿ. ಬದನೆಯನ್ನು ತಡೆಹಿಡಿಯಿತು. ಆ ತಡೆ ತೆರವಾಗಿಲ್ಲ. ಈ ವಿದ್ಯೆಯನ್ನು ಪೂರ್ತಿ ಪಾಪವೆನ್ನುವವರೊಡನೆಯೂ ಪೂರ್ತಿ ವರವೆನ್ನುವವರೊಡನೆಯೂ ನಮಗೆ ಸಹಮತವಿಲ್ಲ. ಬೀಜ ಯಾರ ಕೈಯಲ್ಲಿದೆ, ಸಾಲ ಯಾರ ತಲೆಯ ಮೇಲಿದೆ ಎಂಬುದನ್ನು ಮೊದಲು ಕೇಳಬೇಕು. ಮನುಷ್ಯರ ವಿಷಯದಲ್ಲಿ ಧರ್ಮಸಭೆಯು 2008ರಲ್ಲಿ ತನ್ನ ನಿಲುವನ್ನು ಹೇಳಿದೆ: ರೋಗಿಯ ದೇಹಕ್ಕೆ ಮಾತ್ರ ಸಂಬಂಧಿಸಿದ ವಂಶವಾಹಿ ಚಿಕಿತ್ಸೆ ತತ್ತ್ವತಃ ಸಮ್ಮತ, ಮುಂದಿನ ಸಂತಾನಕ್ಕೆ ಹರಿಯುವ ಬದಲಾವಣೆ, ಅದರ ಅಪಾಯಗಳು ತಿಳಿಯದಿರುವ ಈ ಸ್ಥಿತಿಯಲ್ಲಿ, ಸಮ್ಮತವಲ್ಲ.

ಇನ್ನೊಂದು ಪ್ರಸಂಗವನ್ನು ಹೇಳಲೇಬೇಕು. ಬಹಳ ವರ್ಷಗಳ ಹಿಂದೆ ನಾವು ಬೇರೊಂದು ವಿಚಾರಣೆಯಲ್ಲಿದ್ದಾಗ ಅಲ್ಲಿನ ಒಂದು ಮನೆಯಲ್ಲಿ ಮಗುವೊಂದು ಬಿಳಿಚಿಕೊಂಡು ಬಾಡುತ್ತಿತ್ತು. ಕೆಲವು ವಾರಗಳಿಗೊಮ್ಮೆ ಬೆಳಗಾವಿಗೆ ಕರೆದೊಯ್ದು ರಕ್ತ ಹಾಕಿಸಬೇಕಾಗಿತ್ತು. ಥಲಸ್ಸೀಮಿಯ ಎಂಬುದು ಆ ರೋಗದ ಹೆಸರು. ಅದಕ್ಕೂ ಹಿಂದಿನ ಮಗು ಹಾಗೆಯೇ ತೀರಿಕೊಂಡಿತ್ತು. ನಡುವಿನ ಹುಡುಗಿ ಆರೋಗ್ಯವಾಗಿದ್ದಳು. ಅತ್ತೆಯವರು ಸೊಸೆಯ ಕಾಲ್ಗುಣವೆಂದರು, ನೆರೆಯವರು ಯಾವುದೋ ಹರಕೆ ತಪ್ಪಿತೆಂದರು. ಆ ತಾಯಿ ಪಾಪನಿವೇದನೆಯ ಪೀಠದ ಹೊರಗೆ, ಅಂಗಳದಲ್ಲಿ, ನಮ್ಮನ್ನು ತಡೆದು ನಿಲ್ಲಿಸಿ ತಾನು ಮಾಡಿದ ಪಾಪ ಯಾವುದೆಂದು ಕೇಳಿದಳು. ಗಂಡ ಹೆಂಡಿರಿಬ್ಬರೂ ಗಟ್ಟಿಮುಟ್ಟಾದವರು. ಇಬ್ಬರಲ್ಲಿಯೂ ಒಂದೊಂದು ದೋಷದ ಅಂಶ ಅಡಗಿ ಕುಳಿತಿತ್ತು. ತಂದೆಯದೊಂದು, ತಾಯಿಯದೊಂದು ಬಿಳಿ ಮಗ್ಗುಲು ಒಟ್ಟಿಗೆ ಬಿದ್ದ ಮಗುವಿಗೆ ರೋಗ. ಪ್ರತಿ ಹೆರಿಗೆಯಲ್ಲಿಯೂ ನಾಲ್ಕರಲ್ಲಿ ಒಂದು ಸಂಭವ. ಹಿಂದಿನ ಮಗುವಿಗೆ ಬಂತೆಂದು ಮುಂದಿನದಕ್ಕೆ ತಪ್ಪುವುದಿಲ್ಲ, ಬೀಜ ಪ್ರತಿಸಲವೂ ಹೊಸದಾಗಿಯೇ ಬೀಳುತ್ತದೆ. ಇದರಲ್ಲಿ ಯಾರ ಪಾಪವೂ ಇಲ್ಲವೆಂದು ಅತ್ತೆ, ಗಂಡ, ಸೊಸೆ ಮೂವರನ್ನೂ ಕೂರಿಸಿಕೊಂಡು ಹೇಳಿದೆವು. ಆ ಸಂಜೆ ನಾವು ಮಾಡಿದ್ದು ಧರ್ಮೋಪದೇಶವೋ ತಳಿಶಾಸ್ತ್ರದ ಪಾಠವೋ ನಮಗೇ ತಿಳಿಯದು. ಆ ಮಗು ಹನ್ನೊಂದು ವರ್ಷ ಬದುಕಿತು. ತಾಯಿಯನ್ನು ಯಾರೂ ಮತ್ತೆ ದೂರಲಿಲ್ಲ.

ಈಗ ಮದುವೆಯ ಮುನ್ನ ಸಿದ್ಧತೆಗೆ ಬರುವ ಹುಡುಗ ಹುಡುಗಿಯರಿಗೆ ನಾವು ಒಂದು ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳುವಂತೆ ಹೇಳುವುದು ಈ ಕಾರಣಕ್ಕೆ. ಕೆಲವರು ಅದನ್ನು ತಪ್ಪು ತಿಳಿದಿದ್ದಾರೆಂದು ಕೇಳಿದ್ದೇವೆ. ಅತ್ತೆಯ ಮಗಳು, ಮಾವನ ಮಗನೆಂದು ಹತ್ತಿರದ ನೆಂಟಸ್ತಿಕೆಗೆ ಧರ್ಮಾಧ್ಯಕ್ಷರ ವಿನಾಯಿತಿ ಬೇಡಿ ಬರುವವರಿಗೂ ಇದೇ ಮಾತು. ರಕ್ತಸಂಬಂಧದ ವಿವಾಹವನ್ನು ಧರ್ಮಸಭೆಯ ಕಾನೂನು ತಡೆದದ್ದು ಮೆಂಡಲರಿಗಿಂತ ಎಷ್ಟೋ ಶತಮಾನಗಳ ಹಿಂದೆ, ಬೇರೆ ಕಾರಣಗಳಿಗಾಗಿ. ಆದರೆ ಒಂದೇ ಅಜ್ಜನ ಮನೆಯ ಅಡಗಿದ ಅಂಶ ಇಬ್ಬರಲ್ಲಿಯೂ ಇರುವ ಸಂಭವ ಅಲ್ಲಿ ಹೆಚ್ಚು ಎಂಬುದನ್ನು ಅವರ ಬಟಾಣಿ ತೋರಿಸಿಕೊಟ್ಟಿತು.

ಮೆಂಡಲ್ ಸ್ವಾಮಿಗಳ ಕಥೆ ಅವರ ಸಮಾಧಿಯಲ್ಲಿಯೂ ಮುಗಿಯಲಿಲ್ಲ. 2022 ಅವರ ಜನ್ಮದ ಇನ್ನೂರನೆಯ ವರ್ಷ. ಅದರ ಹಿಂದಿನ ವರ್ಷ, ಅಗಸ್ಟೀನರ ಸಭೆಯವರ ಒಪ್ಪಿಗೆ ಪಡೆದು, ಬ್ರೂನ್ ನಗರದ ಸ್ಮಶಾನದಲ್ಲಿ ಸನ್ಯಾಸಿಗಳ ಸಮಾಧಿಯನ್ನು ವಿಜ್ಞಾನಿಗಳು ತೆರೆದರು. ಅಲ್ಲಿ ಇತರ ಸೋದರರ ಎಲುಬುಗಳೂ ಇದ್ದವು. ಇವರದು ಯಾವುದೆಂದು ನಿಶ್ಚಯಿಸಲು, ಅವರು ಬಳಸಿದ್ದ ವಸ್ತುಗಳಲ್ಲಿ ಉಳಿದಿದ್ದ ಡಿ.ಎನ್.ಎ.ಯ ಕುರುಹನ್ನು ಎಲುಬಿನ ಡಿ.ಎನ್.ಎ.ಯೊಡನೆ ಹೋಲಿಸಿದರು, ಎರಡೂ ಕೂಡಿದವು. ಹೃದಯ ಮತ್ತು ಮೂತ್ರಪಿಂಡದ ಕಾಯಿಲೆಗಳಿಗೆ ಸಂಬಂಧಪಟ್ಟ ಅಂಶಗಳು ಅದರಲ್ಲಿ ಕಂಡುಬಂದವಂತೆ. ಬಳಿಕ ಎಲುಬುಗಳನ್ನು ಸೋದರರ ನಡುವೆ ಮತ್ತೆ ಮಣ್ಣಿಗಿಟ್ಟರು.